ಟವೆಲ್ಲು ಹಾಕಿದ ಸೀಟು

ಬೆಳಗಾವಿ ಬಸ್ಸು ಗೋಕಾಕ ಬಸ್ ಸ್ಟ್ಯಾಂಡಿನ ಗೇಟು ಹೊಕ್ಕಿತೋ ಇಲ್ಲವೋ, ವೀರಪ್ಪ ಹೆಗಲ ಮೇಲಿನ ಟವೆಲ್ಲನ್ನು ಕೈಗೆ ತೆಗೆದುಕೊಂಡ. ವಯಸ್ಸು ಐವತ್ತು ದಾಟಿತ್ತು, ಹೊಟ್ಟೆ ಅಂಗಿಯ ಗುಂಡಿಗಳೊಡನೆ ದಿನಾ ಜಗಳಾಡುತ್ತಿತ್ತು. ಆದರೂ ಬಸ್ಸು ಕಂಡರೆ ಅವನ ಕಾಲಿಗೆ ಎಲ್ಲಿಲ್ಲದ ಹುರುಪು. ಇನ್ನೂ ಉರುಳುತ್ತಿದ್ದ ಬಸ್ಸಿನ ಪಕ್ಕಕ್ಕೆ ಓಡಿ ಕಿಟಕಿಯೊಳಗೆ ಟವೆಲ್ಲು ಒಗೆದ. ಅದು ಇಬ್ಬರು ಕೂರುವ ಸೀಟಿನ ಮೇಲೆ ಅಗಲವಾಗಿ ಹಾಸಿಕೊಂಡು ಬಿತ್ತು. ಬಾಗಿಲಲ್ಲಿ ಮಂದಿ ಒಬ್ಬರ ಮೇಲೊಬ್ಬರು ಬಿದ್ದು ಹತ್ತುತ್ತಿರುವಾಗ ಅವನು ಹೆಂಡತಿಯ ಕಡೆ ತಿರುಗಿ, "ಸಾವಕಾಶ ಬಾ ಲಕ್ಕವ್ವಾ. ನಮ್ದು ಆತು," ಎಂದ.

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಟವೆಲ್ಲು ಬಿದ್ದ ಸೀಟನ್ನು ಯಾರೂ ಮುಟ್ಟುವುದಿಲ್ಲ. ಇದು ಸರಕಾರ ಬರೆದ ಕಾನೂನಲ್ಲ. ಆದರೆ ಸರಕಾರದ ಕಾನೂನನ್ನು ನಿತ್ಯ ಮುರಿಯುವವರೂ ಇದನ್ನು ಮುರಿಯುವುದಿಲ್ಲ. ಟವೆಲ್ಲು ಇಲ್ಲದವರು ಕರ್ಚೀಫು ಹಾಕುತ್ತಾರೆ, ಅದೂ ಇಲ್ಲದವರು ಸಂತೆಯ ಚೀಲ ತೂರಿಸುತ್ತಾರೆ. ಮೂಡಲಗಿಯಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟಿದ್ದ ವೀರಪ್ಪ ಈ ವಿದ್ಯೆಯಲ್ಲಿ ಎಷ್ಟು ಪಳಗಿದ್ದನೆಂದರೆ, ಮನೆಗೆ ಬಂದ ಬೀಗರನ್ನು ಬಸ್ಸು ಹತ್ತಿಸುವ ಕೆಲಸವನ್ನು ಓಣಿಯವರೆಲ್ಲ ಅವನಿಗೇ ಒಪ್ಪಿಸುತ್ತಿದ್ದರು. ಅವನೂ ಅಂಗಡಿ ಬಿಟ್ಟು ಬಂದು ಖುಷಿಯಿಂದ ಮಾಡುತ್ತಿದ್ದ.

ಆ ದಿನ ಗಂಡ ಹೆಂಡತಿ ಹೊರಟಿದ್ದು ಬೆಂಗಳೂರಿಗೆ. ಲಕ್ಕವ್ವನ ತಮ್ಮ ಬಸವಲಿಂಗ ಅಲ್ಲಿ ಪೊಲೀಸ್ ಇಲಾಖೆಯಲ್ಲಿದ್ದ. ಹೊಸ ಮನೆಯ ವಾಸ್ತುಶಾಂತಿಗೆ ಅಕ್ಕ ಬರಲೇಬೇಕೆಂದು ವಿಮಾನದ ಟಿಕೇಟನ್ನೇ ಕಳಿಸಿದ್ದ. ಇಬ್ಬರಿಗೂ ಇದು ಮೊದಲ ವಿಮಾನ. ಬೆಳಗಾವಿಯಲ್ಲಿ ಇಳಿದು ಆಟೋ ಹಿಡಿದು ಸಾಂಬ್ರಾ ವಿಮಾನ ನಿಲ್ದಾಣ ಮುಟ್ಟುವ ಹೊತ್ತಿಗೆ ಲಕ್ಕವ್ವನ ಬಾಯಿ ಒಣಗಿಹೋಗಿತ್ತು. ವೀರಪ್ಪನಿಗೆ ಮಾತ್ರ ಒಂದೇ ಚಿಂತೆ, ಒಳಗೆ ಮೊದಲು ಹೋಗುವ ಬಾಗಿಲು ಯಾವುದು ಎಂಬುದು.

ಮಂಜು ಮುಸುಕಿದ್ದರಿಂದ ವಿಮಾನ ಒಂದು ತಾಸಿಗೂ ಹೆಚ್ಚು ತಡವಾಯಿತು. ಉಳಿದವರೆಲ್ಲ ಕುರ್ಚಿಯಲ್ಲಿ ಕುಳಿತು ತೂಕಡಿಸುತ್ತಿದ್ದರೆ ವೀರಪ್ಪ ಗಾಜಿನ ಬಾಗಿಲ ಹತ್ತಿರವೇ ನಿಂತಿದ್ದ. ಕರೆ ಬಂದ ಕೂಡಲೇ ಸಾಲಿನ ತಲೆಗೆ ಸೇರಿಕೊಂಡ. ಅವನಿಗಿಂತ ಮುಂದೆ ಹತ್ತಿದ್ದು ಒಬ್ಬರೇ, ಗೋಕಾಕದ ಕಾಲೇಜಿನಲ್ಲಿ ಪಾಠ ಹೇಳುವ ದಾಕ್ಷಾಯಿಣಿ. ಅವರು ಮೊದಲ ಸಾಲಿನ ಕಿಟಕಿಯ ಪಕ್ಕ ಕೂರುತ್ತಿದ್ದಂತೆಯೇ, ಬಾಜೂಕಿನ ಎರಡು ಸೀಟುಗಳ ಮೇಲೆ ಟವೆಲ್ಲೊಂದು ಹಾರಿಬಂದು ಬಿತ್ತು.

"ಇವು ನಮ್ವುರಿ ಅಕ್ಕಾವರ. ಯಾರರ ಬಂದ್ರ ಹೇಳ್ರಿ," ಎಂದು ಹೇಳಿ ವೀರಪ್ಪ ಹೆಂಡತಿಯನ್ನು ಕೈಹಿಡಿದು ಕರೆತರಲು ಮತ್ತೆ ಬಾಗಿಲಿಗೆ ಹೋದ. ದಾಕ್ಷಾಯಿಣಿಗೆ ನಗಬೇಕೋ ಬೈಯಬೇಕೋ ತಿಳಿಯಲಿಲ್ಲ.

ಕೈಯಲ್ಲಿದ್ದ ಚೀಟಿಯ ಮೇಲೆ ಸೀಟಿನ ನಂಬರು ಇದ್ದದ್ದು ವೀರಪ್ಪನಿಗೆ ಗೊತ್ತಿಲ್ಲದ ಸಂಗತಿಯಲ್ಲ. ಟಾಕೀಜಿನ ಟಿಕೇಟಿನ ಮೇಲೂ ನಂಬರು ಇರುತ್ತದೆ, ಯಾರು ನೋಡುತ್ತಾರೆ ಎಂಬುದು ಅವನ ಲೆಕ್ಕ. ಆ ದಿನ ಯಾರ ಪಾಲಿಗೂ ಬರದ ನಡುವಿನ ಸೀಟಿನಲ್ಲಿ ಲಕ್ಕವ್ವನನ್ನು ಕೂರಿಸಿ, ತಾನು ದಾರಿಯ ಕಡೆಯ ಸೀಟಿನಲ್ಲಿ ಗಟ್ಟಿಯಾಗಿ ಕುಳಿತ. ಅಷ್ಟರಲ್ಲಿ ಬೆನ್ನಿಗೆ ಚೀಲ ಹಾಕಿಕೊಂಡ ಒಬ್ಬ ತರುಣಿ ಬಂದು ಅವನೆದುರು ನಿಂತಳು. ಕಣ್ಣು ನೋಡಿದರೆ ರಾತ್ರಿ ನಿದ್ದೆ ಮಾಡಿದವಳಲ್ಲ.

"ಕಾಕಾ, ಈ ಸೀಟ್ ನಂದೈತ್ರಿ. ನಿಮ್ದು ಹಿಂದಿರ್ಬೇಕು ನೋಡ್ರಿ."

"ಟವೆಲ್ ಹಾಕಿದ್ನಲ್ಲ ತಂಗಿ!"

"ಅದು ಖರೆರಿ. ಆದ್ರ ಇಲ್ಲಿ ನಂಬರ್ ನೋಡಿ ಕುಂದರ್ಬೇಕಾಗತೈತ್ರಿ."

"ಹಿಂದ ಬೇಕಾದಷ್ಟು ಜಾಗಾ ಐತಿ, ಹೋಗಿ ಕುಂದ್ರವಾ. ನಾವು ಮೊದ್ಲ ಬಂದೇವಿ."

ಹಿಂದೆ ಸಾಲು ಬೆಳೆಯಿತು. ವಿಮಾನದ ಸಿಬ್ಬಂದಿ ಹುಡುಗಿ ಬಂದು, "ಸರ್, ನಿಮ್ಮ ಬೋರ್ಡಿಂಗ್ ಪಾಸ್ ತೋರಿಸ್ತೀರಾ?" ಎಂದು ಕೇಳಿದಳು. ನೋಡಿ, "ಸರ್, ನಿಮ್ಮಿಬ್ಬರದೂ ಕೊನೇ ಸಾಲು. ದಯವಿಟ್ಟು ಅಲ್ಲಿಗೆ ಹೋಗಿ," ಎಂದಳು.

ಕೊನೆಯ ಸಾಲು ಎಂಬ ಮಾತು ಕೇಳಿದ್ದೇ ವೀರಪ್ಪನ ದನಿ ಏರಿತು. "ಕೊನೀ ಸಾಲು? ಹಿಂದಿನ ಗಾಲಿ ಮ್ಯಾಲ ಇಕಿನ್ನ ಕುಂದ್ರಿಸಿ ಸೊಂಟಾ ಮುರೀಬೇಕಂತೀರೇನು? ಮೊದಲ ಅಂಜ್ಯಾಳ. ನಾ ಏಳಾಂವ ಅಲ್ಲ. ಯಾರಿಗಿ ಕರೀತೀರಿ ಕರೀರಿ!" ಬಸ್ಸಿನ ಹಿಂದಿನ ಸೀಟಿನಲ್ಲಿ ಕುಳಿತವರು ತಗ್ಗು ಬಂದಾಗಲೆಲ್ಲ ಚಾವಣಿಗೆ ತಲೆ ಬಡಿಸಿಕೊಳ್ಳುವುದನ್ನು ಕಂಡವನು ಅವನು. ಆಕಾಶದಲ್ಲಿ ತಗ್ಗುಗಳಿಲ್ಲ ಎಂಬುದು ಆ ಗಳಿಗೆಯಲ್ಲಿ ಅವನ ತಲೆಗೆ ಹೋಗಲಿಲ್ಲ.

"ಏಳ್ರಿ, ಮಂದಿ ನೋಡಾಕತ್ತಾರ," ಎಂದು ಲಕ್ಕವ್ವ ನಾಚಿಕೆಯಿಂದ ಪಿಸುಗುಟ್ಟಿದಳು. ಕಿಟಕಿಯ ಬಳಿಯಿಂದ ದಾಕ್ಷಾಯಿಣಿಯೂ ಏನೋ ಹೇಳಲು ಬಾಯಿ ತೆರೆದರು.

ತರುಣಿ ಬೇಡವೆಂದು ಅವರಿಗೆ ಕೈಸನ್ನೆ ಮಾಡಿದಳು. ಮೊಬೈಲಿನಲ್ಲಿ ಹೊತ್ತು ನೋಡಿದಳು. ಬಾಗಿಲಿನಾಚೆ ಮೆಟ್ಟಿಲ ತನಕ ನಿಂತ ಮಂದಿಯನ್ನು ನೋಡಿದಳು. ಸೀಟಿನ ಕೈಯನ್ನು ಬಿಗಿಯಾಗಿ ಹಿಡಿದಿದ್ದ ಲಕ್ಕವ್ವನ ಬೆರಳುಗಳನ್ನೂ ನೋಡಿದಳು.

"ಇರ್ಲಿ ಬಿಡ್ರಿ ಮೇಡಂ," ಎಂದು ಸಿಬ್ಬಂದಿಗೆ ಹೇಳಿದಳು. "ಅವರು ಇಲ್ಲೇ ಕುಂದರ್ಲಿ. ನಾ ಅವರ ಸೀಟಿಗೆ ಹೋಗ್ತೇನಿ. ಇಲ್ಲಿ ಜಗಳಾಡ್ಕೋತ ನಿಂತ್ರ ಇನ್ನಷ್ಟು ತಡಾ ಆಗತೈತಿ, ಅಷ್ಟ." ಆಮೇಲೆ ಲಕ್ಕವ್ವನ ಕಡೆ ಬಾಗಿ, "ಅಂಜಬ್ಯಾಡ್ರಿ ಕಾಕೂ. ಏರೂಮುಂದ ಕಿವಿ ಮುಚ್ಚಿದಂಗ ಆಗತೈತಿ. ಉಗುಳು ನುಂಗ್ಕೋತ ಇರ್ರಿ, ತಾನ ಬಿಡತೈತಿ," ಎಂದು ಹೇಳಿ ಹಿಂದಕ್ಕೆ ಹೋದಳು.

"ನೋಡಿದೇನ?" ಎಂದು ವೀರಪ್ಪ ಹೆಂಡತಿಗೆ ಹೇಳಿದ. ಆದರೆ ಗೆದ್ದ ಖುಷಿ ಯಾಕೋ ಪೂರ್ತಿ ಹತ್ತಲಿಲ್ಲ. ಹುಡುಗಿ ನಾಲ್ಕು ಮಾತು ಬೈದು ಹೋಗಿದ್ದರೆ ಅವನಿಗೆ ಹಗುರೆನಿಸುತ್ತಿತ್ತು.

ವಿಮಾನ ಮೇಲಕ್ಕೆ ಏರಿತು. ಲಕ್ಕವ್ವ ಕಣ್ಣು ಮುಚ್ಚಿ, ಹುಡುಗಿ ಹೇಳಿದಂತೆ ಉಗುಳು ನುಂಗುತ್ತ ಕುಳಿತಳು. ಕಿವಿ ಬಿಟ್ಟಿತು, ಭಯವೂ ಒಂದಿಷ್ಟು ಬಿಟ್ಟಿತು. ಮೋಡದ ಮೇಲಿನ ಬಿಸಿಲು ನೋಡಿ ಅವಳ ಮುಖ ಅರಳಿದ್ದನ್ನು ಕಂಡು ವೀರಪ್ಪನಿಗೂ ಹಿಗ್ಗಾಯಿತು. ಚೀಲದಿಂದ ಕರದಂಟಿನ ಡಬ್ಬಿ ತೆಗೆದ. ಪಕ್ಕದಲ್ಲಿ ಕುಳಿತವರಿಗೆ ಕೊಡದೆ ತಿನ್ನುವ ರೂಢಿ ಅವನ ಮನೆತನದಲ್ಲೇ ಇರಲಿಲ್ಲ. ಮೊದಲ ತುಂಡನ್ನು ದಾಕ್ಷಾಯಿಣಿಯ ಕಡೆ ಚಾಚಿದ.

"ತಗೋರಿ ಅಕ್ಕಾವರ. ಗೋಕಾಕದ್ದ ಐತಿ."

"ಬ್ಯಾಡ್ರಿ. ನನಗ ಇವತ್ತ ಇಳಿಯಂಗಿಲ್ಲ."

"ಯಾಕ್ರಿ, ಆರಾಮ ಇಲ್ಲೇನು?"

ದಾಕ್ಷಾಯಿಣಿ ಅವನ ಕಡೆ ತಿರುಗಿ ಕುಳಿತರು. ದನಿ ಏರಿಸಲಿಲ್ಲ. "ನೀವು ಹಿಂದ ಕಳಿಸಿದ್ರಲ್ಲ, ಆ ಹುಡುಗಿ ಹೆಸರು ಆಮ್ರಪಾಲಿ ಅಂತ. ಹುಕ್ಕೇರಿ ಗುಡ್ಡಪ್ಪ ಅನ್ನಾವರ ಮಗಳು. ಹೊರಗ ಕಾಯೂಮುಂದ ನನ್ನ ಬಾಜೂಕ ಕುಂತಿದ್ಳು. ಡಾಕ್ಟರ್ ಕಲ್ತಾಳ. ಅವರ ಓಣ್ಯಾಗ ಆಕಿನ ಮೊದ್ಲನೇ ಡಾಕ್ಟರ್. ಮುಂದ ಮಕ್ಕಳ ಡಾಕ್ಟರ್ ಆಗಾಕ ಭುವನೇಶ್ವರದ ಕಾಲೇಜಿಗಿ ಹೆಸರು ಹಚ್ಚಿದ್ಳು. ಅಲ್ಲಿ ಯಾರೋ ಒಬ್ಬರು ತಮ್ಮ ಸೀಟ್ ಬಿಟ್ರಂತ, ನಿನ್ನಿ ಸಂಜಿ ಫೋನ್ ಬಂದೈತಿ. ಇವತ್ತ ಆಫೀಸ್ ಮುಚ್ಚೂದರಾಗ ಸ್ವತಃ ಹೋಗಿ ನಿಲ್ಲಬೇಕು. ಇಲ್ಲಂದ್ರ ಮುಂದಿನವ್ರಿಗಿ ಕೊಟ್ಟಬಿಡ್ತಾರ."

ವೀರಪ್ಪನ ಕೈಯಲ್ಲಿದ್ದ ಕರದಂಟು ಅಲ್ಲೇ ನಿಂತಿತು.

"ಬೆಂಗಳೂರಾಗ ಇಳಿದು ಆಕಿ ಇನ್ನೊಂದು ವಿಮಾನ ಹಿಡೀಬೇಕ್ರಿ. ಇದು ತಡಾ ಆಗಿದ್ದಕ್ಕ ನಡುವ ಹೊತ್ತ ಉಳದಿಲ್ಲ. ಬಾಗಿಲಾ ತಗದ ಕೂಡ್ಲೇ ಓಡಬೇಕಂತ ಹೆಚ್ಚಿಗಿ ರೊಕ್ಕಾ ಕೊಟ್ಟು ಈ ಮುಂದಿನ ಸೀಟ್ ತಗೊಂಡಿದ್ಳು."

"ಹಂಗಂತ ಆಕಿ ಹೇಳಬೇಕಿಲ್ಲ?" ಎಂದ ವೀರಪ್ಪ. ದನಿಯಲ್ಲಿ ಮೊದಲಿನ ಜೋರು ಇರಲಿಲ್ಲ.

"ಹೇಳಾಕ ನೀವು ಎಲ್ಲಿ ಬಿಟ್ರಿ? ಜಗಳ ಬೆಳೆದಷ್ಟು ವಿಮಾನ ತಡಾ. ತಡಾ ಆದಷ್ಟು ಆಕಿದ ಲುಕ್ಸಾನ. ಅದಕ್ಕ ತನ್ನ ಸೀಟ್ ಬಿಟ್ಟು ಹೋದ್ಳು."

ವೀರಪ್ಪ ಕರದಂಟನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದ. ಆಮೇಲೆ ತನ್ನ ಪಾಲಿನ ಮಾತನ್ನೂ ಹೇಳಿದ. "ಅಕ್ಕಾವರ, ನಮ್ಮವ್ವ ಕರೆವ್ವಗ ಕಾಲಬ್ಯಾನಿ ಇತ್ರಿ. ಬೆಳಗಾವಿ ದವಾಖಾನಿಗಿ ಕರ್ಕೊಂಡ ಹೋಗ್ತಿದ್ನಿ. ಬಸ್ಸಿನ್ಯಾಗ ಕಂಬಾ ಹಿಡ್ಕೊಂಡ ನಿಂತು ಅಳಾಕಿ. ಒಬ್ಬರೂ 'ಬಾ ಯವ್ವಾ, ಕುಂದ್ರ' ಅನ್ನಲಿಲ್ಲ. ಅವತ್ತಿಂದ ನಾ ಟವೆಲ್ ಒಗ್ಯಾಕ ಕಲ್ತೇನಿ. ಕೇಳಿದ್ರ ಕೊಡೂ ಮಂದಿ ಅಲ್ರಿ ಇದು. ಕಸಗೊಂಡ್ರ ಅಷ್ಟ ಸಿಗತೈತಿ."

ದಾಕ್ಷಾಯಿಣಿಯ ಸಿಟ್ಟು ಇಳಿಯಿತು. "ನಿಮ್ಮವ್ವಗ ಆಗಿದ್ದು ತಪ್ಪ. ನಾ ಅಲ್ಲಿ ಕುಂತಿದ್ರ ನಾನೂ ಎದ್ದಿರತಿದ್ನೋ ಇಲ್ಲೋ, ದೇವರಿಗೇ ಗೊತ್ತು. ಆದ್ರ ಆ ಹುಡುಗಿ ಎದ್ಲಲ್ರಿ. ನೀವು ಕೇಳಲಿಲ್ಲ, ಕಸಗೊಂಡ್ರಿ. ಆದ್ರೂ ನಿಮ್ಮ ಮನಿಯವರ ಅಂಜಿಕಿ ನೋಡಿ, ಕಿವಿಗಿ ಏನ್ ಮಾಡಬೇಕಂತ ಹೇಳಿ ಹೋದ್ಳು."

ಈ ಮಾತು ವೀರಪ್ಪನಿಗೆ ನೇರ ಎದೆಗೆ ತಾಕಿತು. ಅವ್ವನ ಸಲುವಾಗಿ ಯಾರಾದರೂ ಒಬ್ಬರು ಏಳಲಿ ಎಂದು ಬಸ್ಸಿನ ಮುಖಗಳನ್ನೆಲ್ಲ ಒಂದೊಂದಾಗಿ ನೋಡುತ್ತಿದ್ದ ಆ ದಿನಗಳು ನೆನಪಾದವು. ಅವನು ಹುಡುಕುತ್ತಿದ್ದಂಥ ಒಬ್ಬಳು ಇಷ್ಟು ವರ್ಷಗಳ ಮೇಲೆ ಎದುರಿಗೆ ಬಂದು ನಿಂತಿದ್ದಳು, ಅವನು ಅವಳ ಮೇಲೇ ಕೂಗಾಡಿದ್ದ. ಅವನಿಗೆ ತೀರ ಕೆಟ್ಟದೆನಿಸಿತು.

ತಟ್ಟನೆ ಸೊಂಟದ ಪಟ್ಟಿ ಬಿಚ್ಚಿ ಎದ್ದ. "ಆಕಿನ್ನ ಮುಂದ ಕರ್ಕೊಂಡ ಬರ್ತೇನಿ."

ಅದೇ ಹೊತ್ತಿಗೆ ವಿಮಾನ ಕೆಳಗಿಳಿಯಲು ಶುರುಮಾಡಿತ್ತು. ಎದುರಿಗೇ ಕುಳಿತು ಮಾತೆಲ್ಲ ಕೇಳಿಸಿಕೊಂಡಿದ್ದ ಸಿಬ್ಬಂದಿ ಹುಡುಗಿ ತನ್ನ ಸೀಟಿನಿಂದಲೇ ಕೈ ಅಡ್ಡ ಮಾಡಿ, "ಕೂತ್ಕೊಳ್ಳಿ ಸರ್, ಈಗ ಯಾರೂ ಓಡಾಡೋ ಹಾಗಿಲ್ಲ. ಇಳಿದ ಮೇಲೆ ನಾವೇ ಹೇಳ್ತೀವಿ, ಅವರನ್ನ ಮೊದಲು ಬಿಡಿ ಅಂತ," ಎಂದಳು. ವೀರಪ್ಪ ಕುಳಿತು ಪಟ್ಟಿ ಬಿಗಿದುಕೊಂಡ. ಯಾರೋ ಹೇಳಿದ ಕೂಡಲೇ ಗಂಡ ಹೀಗೆ ಕುಳಿತದ್ದನ್ನು ಲಕ್ಕವ್ವ ನೋಡಿದ್ದು ಅದೇ ಮೊದಲು. ಅವಳು ಅವನ ಕೈಮೇಲೆ ತನ್ನ ಕೈಯಿಟ್ಟಳು.

ಗಾಲಿ ನೆಲಕ್ಕೆ ತಾಕಿತು. ವಿಮಾನ ಇನ್ನೂ ಓಡುತ್ತಿರುವಾಗಲೇ ಪಟ್ಟಿ ಬಿಚ್ಚುವ ಸದ್ದು ಉದ್ದಕ್ಕೂ ಕೇಳಿಸಿತು. ನಿಂತ ಗಳಿಗೆಯಲ್ಲಿ ಎಲ್ಲರೂ ಎದ್ದರು. ಒಬ್ಬರು ಚೀಲ ಎಳೆಯುವವರು, ಒಬ್ಬರು ಫೋನಿನಲ್ಲಿ "ಹಲೋ, ಇಳಿದ್ವಿ" ಎನ್ನುವವರು, ಇನ್ನೊಬ್ಬರು ಮುಂದಿನವರ ಬೆನ್ನಿಗೆ ಮೊಣಕೈ ಹಚ್ಚಿ ನಿಂತವರು. ಮುಂದಿನ ವಿಮಾನ ಹಿಡಿಯಬೇಕಾದ ಪ್ರಯಾಣಿಕರಿಗೆ ದಯವಿಟ್ಟು ದಾರಿ ಬಿಡಿ ಎಂದು ಮೈಕಿನಲ್ಲಿ ಮೃದುವಾಗಿ ಹೇಳಿದರು. ಕನ್ನಡದಲ್ಲಿ ಹೇಳಿದರು, ಇಂಗ್ಲಿಷಿನಲ್ಲೂ ಹೇಳಿದರು. ಯಾರ ಕಿವಿಗೂ ಹೋಗಲಿಲ್ಲ. ದಾರಿ ತುಂಬ ಮಂದಿ. ಅವರೆಲ್ಲರ ಹಿಂದೆ, ಕಟ್ಟಕಡೆಗೆ, ಆಮ್ರಪಾಲಿಯ ಎತ್ತಿದ ಕೈಯೊಂದೇ ಕಾಣುತ್ತಿತ್ತು.

ಈ ಅವಸರ ವೀರಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ಅದು ಅವನದೇ ಅವಸರ. ಮೃದು ಮಾತಿಗೆ ಇದು ಬಗ್ಗುವುದಿಲ್ಲ ಎಂಬುದೂ ಗೊತ್ತಿತ್ತು. ಎದ್ದು, ಬಾಗಿಲಿಗೆ ಬೆನ್ನು ಮಾಡಿ, ದಾರಿಗೆ ಅಡ್ಡಲಾಗಿ ನಿಂತ. ಸಂತೆಯ ಗದ್ದಲದಲ್ಲೂ ಆಚೆ ದಂಡೆಗೆ ಕೇಳುವಂಥ ದನಿ ಅವನದು. ಅದನ್ನು ಪೂರಾ ಬಿಟ್ಟ.

"ಎಲ್ಲಾರೂ ಒಂದೀಟ ಕುಂದರ್ರಿ!"

ವಿಮಾನ ಗಪ್ಪಾಯಿತು. ಬಾಗಿಲು ತೆರೆಯುತ್ತಿದ್ದ ಸಿಬ್ಬಂದಿ ಬೆಚ್ಚಿ ತಿರುಗಿದರು. ನಡುಸಾಲಿನಲ್ಲಿ ನಿಂತಿದ್ದ ಬಿಳಿ ಅಂಗಿಯವನೊಬ್ಬ, "ನೀವ್ಯಾರ್ರೀ ಹೇಳಾಕ? ನಮಗೂ ಕೆಲಸ ಅದಾವು," ಎಂದು ಕೇಳಿದ. ಅವನ ಹಿಂದಿನವರೂ ಹೌದೌದು ಎಂದರು.

"ನಾ ಯಾರೂ ಅಲ್ರಿ. ಮೂಡಲಗಿ ಗೊಬ್ಬರದಂಗಡಿ ವೀರಪ್ಪ. ಕಡೀ ಸಾಲಿನ್ಯಾಗ ಒಬ್ಬಾಕಿ ಹುಡುಗಿ ಅದಾಳ, ನಮ್ಮ ಹುಕ್ಕೇರಿಯಾಕಿ. ಈಗ ಓಡಿ ಹೋಗಿ ಇನ್ನೊಂದು ಇಮಾನ ಹಿಡದ್ರ ಆಕಿ ಮಕ್ಕಳ ಡಾಕ್ಟರ್ ಆಗ್ತಾಳ. ಇಲ್ಲಂದ್ರ ಇಲ್ಲ. ಓಡಾಕ ಅನುಕೂಲ ಆಗಲಿ ಅಂತ ಈ ಮುಂದಿನ ಸೀಟ್ ತಗೊಂಡಿದ್ಳು. ಅದನ್ನ ನಾ ಕಸಗೊಂಡ್ನಿ. ತಪ್ಪು ನಂದು. ನಿಮಗ ಸಿಟ್ಟು ಬಂದಿದ್ರ ನನ್ನ ಬೈರಿ, ಎಷ್ಟ ಬೇಕಾದ್ರೂ ಬೈರಿ. ಆದ್ರ ಕುಂತು ಬೈರಿ!"

ಯಾರೋ ಫಕ್ಕನೆ ನಕ್ಕರು. ಬಿಳಿ ಅಂಗಿಯವನಿಗೂ ನಗೆ ಬಂತು. "ಆತು ತಗೋರಿ ಯಜಮಾನ್ರ, ಕುಂತ್ವಿ," ಎಂದು ಮೊದಲು ಅವನೇ ಕುಳಿತ. ಅವನ ಹಿಂದಿನ ಸಾಲು ಕುಳಿತಿತು, ಅದರ ಹಿಂದಿನದೂ ಕುಳಿತಿತು. ದಾರಿಗೆ ಚಾಚಿದ್ದ ಕಾಲುಗಳನ್ನು ಒಳಗೆಳೆದುಕೊಂಡರು, ಚೀಲಗಳನ್ನು ತೊಡೆಯ ಮೇಲೆ ಏರಿಸಿಕೊಂಡರು. ಅರಭಾವಿ ಕಡೆಯ ಅಜ್ಜಿಯೊಬ್ಬಳು, "ಹೋಗವಾ ನನ್ನ ಮಗಳ, ಲಗೂನ ಹೋಗು," ಎಂದಳು. ಒಂದು ನಿಮಿಷದ ಹಿಂದೆ ಒಬ್ಬರನ್ನೊಬ್ಬರು ನೂಕುತ್ತಿದ್ದ ಮಂದಿ ಇವರೇ ಏನು ಎಂದು ಅಚ್ಚರಿಯಾಗಬೇಕು, ಹಾಗೆ ಇಡೀ ವಿಮಾನ ಕುಳಿತು ಹಿಂದಕ್ಕೆ ತಿರುಗಿ ನೋಡುತ್ತಿತ್ತು.

ಆಮ್ರಪಾಲಿ ಬಂದಳು. ಎರಡೂ ಬದಿಯವರಿಗೆ ತಲೆ ಬಾಗಿಸುತ್ತ, "ಬರ್ತೇನ್ರಿ, ಬರ್ತೇನ್ರಿ" ಎನ್ನುತ್ತ ಓಡಿಯೇ ಬಂದಳು. ಮೊದಲ ಸಾಲಿಗೆ ಬಂದವಳು ವೀರಪ್ಪನೆದುರು ನಿಂತಳು. ಅವಳ ಕಣ್ಣುಗಳು ತುಂಬಿದ್ದವು.

"ಕಾಕಾ..."

"ನಿಲ್ಲಬ್ಯಾಡವಾ ತಂಗಿ. ಮಾತು ಆಮ್ಯಾಲ. ಓಡು!"

ಅವನು ಸೀಟಿನೊಳಗೆ ಸರಿದು ದಾರಿ ಬಿಟ್ಟ. ಅವಳು ಬಾಗಿಲು ದಾಟಿ ಓಡಿದಳು. ಅವಳ ಕಾಲಸಪ್ಪಳ ಅಡಗುವ ತನಕ ಯಾರೂ ಏಳಲಿಲ್ಲ. ಆಮೇಲೂ ನೂಕಾಟವಾಗಲಿಲ್ಲ. ಮುಂದಿನ ಸಾಲಿನವರು ಇಳಿದ ಮೇಲೆ ಹಿಂದಿನವರು, "ನೀವು ಮೊದ್ಲ ನಡೀರಿ", "ಇಲ್ಲ, ನೀವು ನಡೀರಿ" ಎನ್ನುತ್ತ ಎದ್ದರು. ಹೋಗುವಾಗ ಹಲವರು ವೀರಪ್ಪನ ಕಡೆ ನೋಡಿ ನಕ್ಕು ಕೈಮುಗಿದರು. ಅವನಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಗಂಡ ಹೆಂಡತಿ ಕೊನೆಯವರಾಗಿ ಇಳಿದರು. ಜೀವನದಲ್ಲಿ ವೀರಪ್ಪ ಯಾವ ಗಾಡಿಯಿಂದಲೂ ಹಾಗೆ ಇಳಿದವನಲ್ಲ.

"ಇವತ್ತ ನೀವು ಭಾಳ ಚಲೋ ಕಂಡ್ರಿ ನೋಡ್ರಿ," ಎಂದಳು ಲಕ್ಕವ್ವ.

"ಚಲೋ ಕಂಡಾಕಿ ಆಕಿ. ನಂದೇನೈತಿ ಇದ್ರಾಗ? ಕೆಡಿಸಿದ್ದನ್ನ ಒಂದಿಷ್ಟು ನೆಟ್ಟಗ ಮಾಡೇನಿ. ಅದೂ ಆತೋ ಇಲ್ಲೋ ಯಾರಿಗಿ ಗೊತ್ತು."

ಸಾಮಾನು ಬರುವ ಜಾಗದಲ್ಲಿ ಮಂದಿ ಉರುಳುವ ಪಟ್ಟಿಯ ಸುತ್ತ ನಿಂತಿದ್ದರು. ವೀರಪ್ಪನ ಚೀಲ ಅವನ ಕಣ್ಣೆದುರೇ ಬಂದು, ತಿರುಗಿ, ಮತ್ತೆ ಒಳಗೆ ಹೋಯಿತು. ಅವನಿಗೆ ಅದರ ಧ್ಯಾನವೇ ಇರಲಿಲ್ಲ. ಬೆಳಗಾವಿಯಲ್ಲಿ ಕಾಯುವಾಗಲೇ ಆಮ್ರಪಾಲಿಗೆ ತಮ್ಮ ಫೋನ್ ನಂಬರು ಕೊಟ್ಟಿದ್ದಾಗಿ ದಾಕ್ಷಾಯಿಣಿ ಹೇಳಿದ್ದರಿಂದ, ಅವರನ್ನು ಬಿಟ್ಟು ಕದಲದೆ ನಿಂತಿದ್ದ. "ಬಂತೇನ್ರಿ?" ಎಂದು ಕೇಳುತ್ತಿದ್ದ. "ಇಲ್ಲ" ಎಂದರೆ ಸುಮ್ಮನಾಗಿ, ಅಷ್ಟರಲ್ಲೇ ಮತ್ತೆ, "ಈಗ ನೋಡ್ರಿ, ಬಂದಿದ್ರ?" ಎನ್ನುತ್ತಿದ್ದ. ದಾಕ್ಷಾಯಿಣಿಯವರ ಚೀಲವೂ ಬಂತು. ಅವರೂ ಹೊರಡಲಿಲ್ಲ, ಲಕ್ಕವ್ವನ ಪಕ್ಕ ಕುಳಿತರು.

ಕಡೆಗೂ ಅವರ ಫೋನು ಸದ್ದು ಮಾಡಿತು. ದಾಕ್ಷಾಯಿಣಿ ಕನ್ನಡಕ ಸರಿಮಾಡಿಕೊಂಡು ಓದಿದರು.

"ಮೇಡಂ, ವಿಮಾನದಾಗ ಕುಂತೇನಿ. ಬಾಗಿಲಾ ಹಾಕಾಕತ್ತಾರ. ನಾನ ಕಡೀಕ ಹತ್ತಿದಾಕಿ. ಕಾಕಾಗ ಹೇಳ್ರಿ, ಇನ್ನ ಕಾಳಜಿ ಮಾಡಬ್ಯಾಡ್ರಿ ಅಂತ. ಕಾಕೂಗ ನಮಸ್ಕಾರ."

ಲಕ್ಕವ್ವ ಎದೆಯ ಮೇಲೆ ಕೈಯಿಟ್ಟುಕೊಂಡು ದೊಡ್ಡ ಉಸಿರು ಬಿಟ್ಟಳು. ವೀರಪ್ಪ ಮುಖವನ್ನು ಅತ್ತ ತಿರುಗಿಸಿ ಕಣ್ಣೊರೆಸಿಕೊಂಡ. ಮತ್ತೆ ಇತ್ತ ತಿರುಗಿದಾಗ, ದನಿ ಎಷ್ಟು ಸಣ್ಣದಾಗಿತ್ತೆಂದರೆ ದಾಕ್ಷಾಯಿಣಿ ಬಾಗಿ ಕೇಳಬೇಕಾಯಿತು.

"ಇನ್ನೊಮ್ಮಿ ಓದ್ರಿ ಅಕ್ಕಾವರ."